ಇದಕ್ಕೆಲ್ಲ ಟೈಮ್ ಎಲ್ಲಿಂದ ಸಿಗುತ್ತೆ ಅಂತ ಕೇಳುವವರಿಗೆ

ಮನೆಗೆ ಬಂದವರ ಕಣ್ಣು ಮೊದಲು ಸೋಫಾದ ಮೇಲಿನ ಕೌದಿಗೆ ಹೋಗುತ್ತದೆ. ಅದನ್ನು ಮುಟ್ಟುತ್ತಾರೆ, ಮಗುಚಿ ಹಿಂಬದಿಯ ಹೊಲಿಗೆ ನೋಡುತ್ತಾರೆ. ಆಮೇಲೆ ಗೋಡೆಗೆ ನೇತುಹಾಕಿದ ಕತ್ತರಿ, ಸುತ್ತಿಗೆ, ಅಳತೆ ಟೇಪು. ಆಮೇಲೆ ಹೆಸರು ಬರೆದು ಜೋಡಿಸಿಟ್ಟ ಡಬ್ಬಿಗಳು. ಅಷ್ಟು ನೋಡಿದ ಮೇಲೆ ಪ್ರಶ್ನೆ ಬಂದೇ ಬರುತ್ತದೆ. "ಇದಕ್ಕೆಲ್ಲ ಟೈಮ್ ಎಲ್ಲಿಂದ ಸಿಗುತ್ತೆ ನಿಮಗೆ?"

ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಬಾಯಲ್ಲಿ ಇನ್ನು ಹೇಳಲಾರೆ. ಒಂದೇ ಸಲ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೂ ದಿನಕ್ಕೆ 24 ಗಂಟೆಯೇ. ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ. ಆದರೂ ಕೆಲವರು "ನಮಗಂತೂ ಇಂಥದ್ದಕ್ಕೆ ಪುರಸೊತ್ತೇ ಇಲ್ಲಪ್ಪ" ಅನ್ನುತ್ತಾರೆ. ಇನ್ನು ಕೆಲವರು "ನಿಮ್ಮ ಆಫೀಸಲ್ಲಿ ಕೆಲಸ ಕಡಿಮೆ ಇರಬೇಕು, ಅಲ್ವಾ?" ಅನ್ನುತ್ತಾರೆ. ಮೆಚ್ಚುಗೆಯ ದನಿಯಲ್ಲೇ ಹೇಳುತ್ತಾರೆ. ನನ್ನ ಕಿವಿಗೆ ಮಾತ್ರ "ನಾವು ದುಡಿಯುತ್ತೇವೆ, ನೀನು ಸುಮ್ನೆ ಕೂತಿರುತ್ತೀಯ" ಅಂತ ಕೇಳಿಸುತ್ತದೆ. ಸಿಟ್ಟು ಬರುತ್ತದೆ. ಬಂದವರ ಮುಂದೆ ತೋರಿಸಿಕೊಳ್ಳುವುದಿಲ್ಲ, ಅಷ್ಟೇ.

ಹೀಗೇ ಒಂದು ಸಂಜೆ ಆಫೀಸಿನ ಗೆಳೆಯನೊಬ್ಬ ಹೆಂಡತಿಯ ಜೊತೆ ಬಂದಿದ್ದ. ಆಕೆ ಕೌದಿ ಎತ್ತಿ ನೋಡಿದರು. ನೇರವಾಗಿ ನನ್ನ ಹೆಂಡತಿಯ ಕಡೆ ತಿರುಗಿ, "ನಿಮಗೆ ಟೈಮ್ ಎಲ್ಲಿಂದ ಸಿಗುತ್ತೆ ರೀ? ಕೆಲಸಕ್ಕೂ ಹೋಗ್ತೀರ, ಮಗಳನ್ನೂ ನೋಡ್ಕೋತೀರ" ಅಂದರು.

"ನಾನಲ್ಲ. ಹೊಲಿದಿದ್ದು ಅವರು."

ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಗೆಳೆಯ ಜೋರಾಗಿ ನಕ್ಕ. "ಹಂಗಾದ್ರೆ ನಿನ್ನ ಮೇಲೆ ಇನ್ನೊಂದು ಪ್ರಾಜೆಕ್ಟ್ ಹಾಕಿಸ್ಬೇಕು ಕಣೋ" ಅಂದ. ನಾನೂ ನಕ್ಕೆ. ನಿಜಕ್ಕೂ ನಗು ಬಂತು. ಆದರೆ ಅವರು ಹೋದ ಮೇಲೆ ಎರಡು ದಿನ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಕೌದಿ ಅವಳದು ಅಂದುಕೊಂಡಾಗ ಅದು ಬೆರಗಿನ ಪ್ರಶ್ನೆ. ನನ್ನದು ಅಂತ ಗೊತ್ತಾದ ಕೂಡಲೇ ಅದು ತಮಾಷೆ. ಇದೊಂದು ಬೇಸರ. ಇನ್ನೊಂದು ವಿಷಯ ನಿಧಾನವಾಗಿ ಹೊಳೆಯಿತು. ಆಕೆ ತಪ್ಪಿ ಕೇಳಿದ್ದರೂ ಕೇಳಬೇಕಾದವರನ್ನೇ ಕೇಳಿದ್ದರು. ನನ್ನ ಟೈಮ್ ಎಷ್ಟೋ ವರ್ಷ ಎಲ್ಲಿಂದ ಬಂತು ಅನ್ನುವುದು ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ.

ನಾಲ್ಕು ವರ್ಷದ ಹಿಂದಿನ ಮಾತು ಹೇಳುತ್ತೇನೆ. ಆಗ ನಮ್ಮ ಮನೆ ತುಂಬ ಸಾಮಾನು. ಅರ್ಧಕ್ಕಿಂತ ಜಾಸ್ತಿ ನನ್ನದೇ. ಬಟ್ಟೆ ಚೂರು, ಉಲ್ಲನ್ ಉಂಡೆ, ಮರದ ತುಂಡು, ಖಾಲಿ ಬಾಟಲಿ, ಮುರಿದ ಫ್ರೇಮು. "ಯಾವತ್ತಾದರೂ ಬೇಕಾಗುತ್ತೆ" ಅಂತ ಎತ್ತಿಟ್ಟಿದ್ದು. ರಾತ್ರಿ ಊಟದ ಮೇಜಿನ ಮೇಲೆ ಹರಡಿಕೊಂಡು ಏನಾದರೂ ಮಾಡುತ್ತಿದ್ದೆ. ಹಾಗೇ ಬಿಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಅವಳು ಎತ್ತಿಡುತ್ತಿದ್ದಳು. ಮಾರನೇ ದಿನ ನಾನು ಕೂಗುತ್ತಿದ್ದೆ. "ಕತ್ತರಿ ಎಲ್ಲಿ?" ಅವಳು ಇದ್ದಲ್ಲಿಂದಲೇ ಹೇಳುತ್ತಿದ್ದಳು. "ಬೀರು, ಮೇಲಿನ ಖಾನೆ, ಎಡಗಡೆ, ನೀಲಿ ಚೀಲದ ಕೆಳಗೆ." ಎಂಥ ನೆನಪಿನ ಶಕ್ತಿ ಅಂತ ನಾಲ್ಕು ಜನರ ಮುಂದೆ ಹೊಗಳುತ್ತಿದ್ದೆ.

ಒಂದು ಬೆಳಿಗ್ಗೆ ಮಗಳ ಜನನ ಪ್ರಮಾಣಪತ್ರ ಬೇಕಾಯಿತು. ಶಾಲೆಗೆ ಅವತ್ತೇ ಕೊಡಬೇಕು. ಎರಡು ಗಂಟೆ ಹುಡುಕಿದೆವು. ಅವಳು ಅರ್ಧ ದಿನ ರಜೆ ಹಾಕಿದಳು. ಕೊನೆಗೆ ಸಿಕ್ಕಿದ್ದು ನನ್ನ ಬಟ್ಟೆ ಚೂರಿನ ಚೀಲದಲ್ಲಿ. ಫೈಲಿನ ಮೇಲೆ ಚೂರು ಸುರಿದಿದ್ದೆ, ತುಂಬುವಾಗ ಫೈಲೂ ಸೇರಿ ಒಳಗೆ ಹೋಗಿತ್ತು. ಅವಳು ಬೈಯಲಿಲ್ಲ. ಆ ಚೂರುಗಳ ಮಧ್ಯೆ ನೆಲದ ಮೇಲೇ ಕೂತು, "ಈ ಮನೇಲಿ ಯಾವುದು ಎಲ್ಲಿದೆ ಅಂತ ನೆನಪಿಟ್ಕೊಳ್ಳೋದೇ ನಂಗೆ ಇನ್ನೊಂದು ನೌಕರಿ ಆಗಿದೆ ರೀ" ಅಂದಳು.

ಅವತ್ತು ಸಂಜೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಯಾರಾದರೂ "ಎಲ್ಲಿ?" ಅಂತ ಕೇಳಿದರೆ ಒಂದು ಗೀಟು. ಏಳು ದಿನಕ್ಕೆ 63 ಗೀಟು ಬಿದ್ದವು. ಅದರಲ್ಲಿ 51 ಸಲ ಕೇಳಿದ್ದು ಅವಳನ್ನು.

ಅದೇ ಹೊತ್ತಿಗೆ ಒಂದು ಅಧ್ಯಯನದ ಬಗ್ಗೆ ಓದಿದೆ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ 32 ಕುಟುಂಬಗಳ ಮನೆಯೊಳಗೇ ಹೋಗಿ ಬದುಕನ್ನು ದಾಖಲಿಸಿದ್ದರು. ಎಲ್ಲವೂ ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳು. ಎಣಿಸಲು ಶುರು ಮಾಡಿದ ಮೊದಲ ಮನೆಯಲ್ಲಿ, ಮೂರೇ ಕೋಣೆಯಲ್ಲಿ, ಕಣ್ಣಿಗೆ ಕಾಣುವ ವಸ್ತುಗಳೇ 2,260 ಇದ್ದವಂತೆ. ಬೀರು, ಡ್ರಾಯರ್ ಒಳಗಿದ್ದವು ಲೆಕ್ಕಕ್ಕಿಲ್ಲ. ಇದೇ ಕೆಲಸದಿಂದ 2010ರಲ್ಲಿ ಒಂದು ಲೇಖನ ಬಂತು. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಬೆಳಿಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯಬೇಕು. ತಮ್ಮ ಮನೆ ಚೆಲ್ಲಾಪಿಲ್ಲಿ, ಮುಗಿಯದ ಕೆಲಸದ ರಾಶಿ ಅಂತ ಮಾತಾಡಿದ ಹೆಂಗಸರಲ್ಲಿ ಅದು ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಈ ನಂಟು ಅಷ್ಟಾಗಿ ಕಾಣಲಿಲ್ಲ.

ಆ ಕೊನೆಯ ಮಾತು ಓದಿ ನನಗೆ ನಾಚಿಕೆಯಾಯಿತು. ರಾಶಿ ನನ್ನದು. ಅದರ ಭಾರ ಬೀಳುತ್ತಿದ್ದದ್ದು ಅವಳ ಮೈಮೇಲೆ.

ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಡಬ್ಬಿ ತಂದೆ. ದೊಡ್ಡವು, ಮುಚ್ಚಳ ಇರುವವು, ಒಂದು ಡಜನ್. ರಾಶಿ ಡಬ್ಬಿಯೊಳಗೆ ಹೋಯಿತು, ಕಡಿಮೆಯಾಗಲಿಲ್ಲ. ಮುಂಚೆ ಕಾಣುತ್ತಾದರೂ ಇತ್ತು. ಈಗ ಒಂದೊಂದೇ ಮುಚ್ಚಳ ತೆಗೆದು ನೋಡಬೇಕು. "ಎಂಥ ಡಬ್ಬಿ ತಗೋಬೇಕು?" ಅಂತಲೂ ಜನ ಕೇಳುತ್ತಾರೆ. ದಯವಿಟ್ಟು ತಗೋಬೇಡಿ. ಏನು ಉಳಿಯುತ್ತೆ ಅಂತ ಗೊತ್ತಾಗುವ ತನಕ ಬೂಟಿನ ರಟ್ಟಿನ ಪೆಟ್ಟಿಗೆ ಸಾಕು.

ಕೆಲಸಕ್ಕೆ ಬಂದದ್ದು ಮನೆ ಜೋಡಿಸುವುದರ ಬಗ್ಗೆ ಪುಸ್ತಕ ಬರೆದ ಜಪಾನಿನ ಮರಿ ಕೊಂಡೋ ಅವರು ಹೇಳಿಕೊಡುವ ಒಂದು ಕ್ರಮ. ಕೋಣೆ ಹಿಡಿದು ಹೋಗಬೇಡಿ, ಸಾಮಾನಿನ ಬಗೆ ಹಿಡಿದು ಹೋಗಿ. ಮನೆಯ ಎಲ್ಲ ಬಟ್ಟೆ ಒಂದೇ ಕಡೆ, ಎಲ್ಲ ಪುಸ್ತಕ ಒಂದೇ ಕಡೆ. ನಾವು ಒಂದು ಭಾನುವಾರ ಮನೆಯಲ್ಲಿದ್ದ ಕತ್ತರಿಗಳನ್ನೆಲ್ಲ ಮೇಜಿನ ಮೇಲೆ ಇಟ್ಟೆವು. ಹನ್ನೊಂದು. ಮಗಳು ಎರಡು ಸಲ ಎಣಿಸಿದಳು. ಪ್ರತಿ ಸಲ ಒಂದು ಕಳೆದುಹೋಯಿತು ಅಂತ ಇನ್ನೊಂದು ತಂದಿದ್ದೆವು. ಮೂರು ಇಟ್ಟುಕೊಂಡೆವು. ಬಟ್ಟೆಗೆ ಒಂದು, ಕಾಗದಕ್ಕೆ ಒಂದು, ಅಡುಗೆಮನೆಗೆ ಒಂದು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಬೇಡಿ, ಅಲಗು ಬೇಗ ಮೊಂಡಾಗುತ್ತದೆ. ಆಮೇಲೆ ಬಟ್ಟೆ ಕಚ್ಚಿಕೊಳ್ಳುತ್ತದೆ, ಸರಿಯಾಗಿ ಕತ್ತರಿಸುವುದಿಲ್ಲ.

ಗೋಡೆಯ ಉಪಾಯ ನನಗೆ ಹಿಡಿಸಿದ್ದು ಜೂಲಿಯಾ ಚೈಲ್ಡ್ ಅವರ ಅಡುಗೆಮನೆಯ ಫೋಟೋ ನೋಡಿ. ಅಮೆರಿಕದಲ್ಲಿ ಅಡುಗೆ ಪುಸ್ತಕ, ಟಿವಿ ಕಾರ್ಯಕ್ರಮಗಳಿಂದ ಹೆಸರಾದವರು. 2001ರಲ್ಲಿ ಅವರು ಕೊಟ್ಟ ಆ ಅಡುಗೆಮನೆ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿನ ತೂತಿನ ಹಲಗೆಯ ಮೇಲೆ ಪ್ರತಿ ಪಾತ್ರೆಯ ಸುತ್ತ ಗೆರೆ ಇದೆ. ಯಾವ ಪಾತ್ರೆ ಎಲ್ಲಿಗೆ ಅನ್ನುವುದು ಆ ಗೆರೆಯೇ ಹೇಳುತ್ತದೆ. ಎಳೆದವರು ಅವರ ಗಂಡ ಪಾಲ್. ನಾನೂ ಒಂದು ಹಲಗೆ ತಂದು ಕತ್ತರಿ, ಟೇಪು, ಸ್ಕ್ರೂಡ್ರೈವರ್ ಇಟ್ಟು ಸುತ್ತ ಗೆರೆ ಎಳೆದೆ. ಖಾಲಿ ಗೆರೆ ಕಂಡರೆ ಆ ಸಾಮಾನು ಇನ್ನೂ ವಾಪಸ್ ಬಂದಿಲ್ಲ ಅಂತ. ಕೇಳಬೇಕಾಗಿಲ್ಲ.

ಕೈಯಿಂದ ಮಾಡಿದ್ದನ್ನು, ಮಾಡಬೇಕು ಅಂದುಕೊಂಡಿದ್ದನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಇದಕ್ಕೆ ಕಾರಣವಿದೆ. 1990ರಲ್ಲಿ ಕಾನೆಮನ್, ನೆಚ್, ಥೇಲರ್ ಅನ್ನುವ ಮೂವರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳ ಕೈಗೆ ಒಂದೊಂದು ಮಗ್ ಕೊಟ್ಟರು. ಕೈಯಲ್ಲಿ ಮಗ್ ಇದ್ದವರು ಮಾರಲು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟು. ಸುಮ್ನೆ ಕೈಗೆ ಬಂದ ಮಗ್ಗಿಗೇ ಹೀಗೆ. ತಾವೇ ಮಡಿಚಿದ ಕಾಗದದ ಕೊಕ್ಕರೆ, ಕಪ್ಪೆಗಳಿಗೆ ಜನ ಪರಿಣತರು ಮಾಡಿದ್ದಕ್ಕೆ ಹತ್ತಿರ ಹತ್ತಿರದ ಬೆಲೆ ಕಟ್ಟುತ್ತಾರೆ ಅಂತ 2012ರ ಇನ್ನೊಂದು ಲೇಖನದಲ್ಲಿದೆ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಗಳಿಗೆ ಮೂರು ವರ್ಷ ಇದ್ದಾಗ ಶುರು ಮಾಡಿದ ಹಳದಿ ಸ್ವೆಟರ್ ಅವಳಿಗೆ ಹನ್ನೊಂದಾದಾಗಲೂ ಒಂದೇ ತೋಳಿನಲ್ಲಿ ನಿಂತಿತ್ತು. ಮೂರು ಸಲ "ಬಿಡುವ ರಾಶಿ"ಗೆ ಹಾಕಿ, ಮೂರು ಸಲ ವಾಪಸ್ ಎತ್ತಿಕೊಂಡೆ.

"ಅಪ್ಪ, ಇದು ಯಾರಿಗೆ?" ಅಂತ ಕೇಳಿದಳು. "ನಿಂಗೇ" ಅಂದೆ. ಅವಳು ಅದನ್ನು ಎದೆಗೆ ಹಿಡಿದು ನೋಡಿದಳು. ಅಂಗೈಯಗಲ ಮುಚ್ಚಿತು. ಇಬ್ಬರೂ ಕೂತು ಬಿಚ್ಚಿದೆವು. ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ದಾರ ಕಟ್ಟಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೆಳಗೆ ಸ್ವಲ್ಪ ಭಾರ ಕಟ್ಟಿ ಒಣಗಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಆ ಉಲ್ಲನ್‌ನಲ್ಲಿ ಅವಳೇ ಒಂದು ಟೋಪಿ ಹೆಣೆದಳು. ಹೆಣಿಗೆ ಅಲ್ಲಲ್ಲಿ ತಪ್ಪಿದೆ. ಹಾಕಿಕೊಳ್ಳುತ್ತಾಳೆ.

ಇನ್ನು ಕೌದಿ. ಹಳೆಯ ಹತ್ತಿ ಅಂಗಿಗಳದ್ದು. ಕಾಲರ್, ಪಟ್ಟಿ ತೆಗೆದು, ಒಗೆದು, ಇಸ್ತ್ರಿ ಮಾಡಿ, ರಟ್ಟಿನ ಅಚ್ಚು ಇಟ್ಟು ಆರು ಇಂಚಿನ ಚೌಕ ಕತ್ತರಿಸಿದೆ. ಹತ್ತಿಯ ಜೊತೆ ಪಾಲಿಯೆಸ್ಟರ್ ಸೇರಿಸಲಿಲ್ಲ. ಹತ್ತಿ ಒಗೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಬಟ್ಟೆ ಸುಕ್ಕುಗಟ್ಟುತ್ತದೆ. ಉದ್ದಕ್ಕೆ 15, ಅಗಲಕ್ಕೆ 12, ಒಟ್ಟು 180 ಚೌಕ. ಅಂಚಿಗೆ ಕಾಲಿಂಚು ಬಿಟ್ಟು ಕೈಹೊಲಿಗೆ. ರಾತ್ರಿ ಊಟವಾದ ಮೇಲೆ 20 ನಿಮಿಷ ಕೂತರೆ ಎರಡು ಚೌಕ ಸೇರುತ್ತವೆ. ಎಂಟು ತಿಂಗಳು ಹಿಡಿಯಿತು.

ಆ 20 ನಿಮಿಷ ಮುಂಚೆಯೂ ಇತ್ತು. ಆದರೆ ಸೂಜಿ ಹುಡುಕಲು ಐದು, ದಾರಕ್ಕೆ ಐದು, ಮೇಜು ಖಾಲಿ ಮಾಡಲು ಐದು ಹೋದರೆ ಉಳಿಯುವುದೇನು? ಈಗ ಸೂಜಿ, ದಾರ, ಕತ್ತರಿಸಿದ ಚೌಕ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ತೆರೆದರೆ ಕೆಲಸ ಶುರು, ಮುಚ್ಚಿದರೆ ಮೇಜು ಖಾಲಿ. ಬೆಳಿಗ್ಗೆ ಎತ್ತಿಡುವವರು ಬೇಕಾಗಿಲ್ಲ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ನನಗೆ ಇಷ್ಟವಾಗುವ ಪ್ರಶ್ನೆ ಬೇರೆ ಇದೆ. ಇದುವರೆಗೆ ಒಬ್ಬರೂ ಕೇಳಿಲ್ಲ. "ಮೊದಲು ಇದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಿದ್ದರು?" ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ. ಯಾವ ಕಾಗದ ಯಾವ ಫೈಲಲ್ಲಿದೆ, ಟಾರ್ಚಿನ ಬ್ಯಾಟರಿ ಎಲ್ಲಿದೆ, ಮಗುವಿನ ಬಣ್ಣದ ಪೆನ್ಸಿಲ್ ಯಾವ ಚೀಲದಲ್ಲಿದೆ ಎಲ್ಲ ಅವರ ತಲೆಯಲ್ಲಿ. ಆ ತಲೆಗೆ ಸ್ವಲ್ಪ ಬಿಡುವು ಕೊಡುವ ಕೆಲಸಕ್ಕೆ ನಾನು ಮನೆ ಜೋಡಿಸುವುದು ಅನ್ನುತ್ತೇನೆ. ಡಬ್ಬಿಯ ಮೇಲೆ ಹೆಸರು ಬರೆದಿದ್ದು ಚೆಂದಕ್ಕಲ್ಲ. ಓದಲು ಬರುವ ಯಾರು ಬೇಕಾದರೂ ತಾವೇ ಹುಡುಕಿಕೊಳ್ಳಲಿ ಅಂತ.

ಈಗ ನನ್ನ ಹೆಂಡತಿಗೂ ಸಂಜೆ ಸ್ವಲ್ಪ ಪುರಸೊತ್ತು ಸಿಗುತ್ತದೆ. "ನೀವೂ ಏನಾದ್ರೂ ಹೊಲಿಯಬಹುದಲ್ಲ" ಅಂತ ಅವಳಿಗೆ ಹೇಳುವವರಿದ್ದಾರೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವ ಮಾತು. ಅವಳು ಏನೂ ಮಾಡುವುದಿಲ್ಲ. ಕಿಟಕಿಯ ಹತ್ತಿರ ಕಾಲು ಚಾಚಿ ಕೂರುತ್ತಾಳೆ. ಕೆಲವು ಸಲ ಕೌದಿ ಹೊದ್ದು ಅಲ್ಲೇ ನಿದ್ದೆ ಹೋಗುತ್ತಾಳೆ.

ಮೊನ್ನೆ ಭಾನುವಾರವೂ ಹಾಗೇ ಮಲಗಿದ್ದಳು. ಮಗಳು ಏನೋ ಅಂಟಿಸುತ್ತಾ ಕೂತಿದ್ದವಳು ಎದ್ದು, "ಅಮ್ಮಾ, ಟೇ..." ಅಂತ ಬಾಯಿ ತೆರೆದಳು. ನಾನು ಗೋಡೆಯ ಕಡೆ ಕೈ ತೋರಿಸಿದೆ.