ಕೊನೆಯ ಸಾಲು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವ ಹುಡುಗಿಯೊಬ್ಬಳು ನಿನ್ನೆ ರಾತ್ರಿ ಆನ್‌ಲೈನ್ ವೇದಿಕೆಯೊಂದರಲ್ಲಿ ಕೇಳಿದ್ದಳು: "ಕೋಡ್ ಕೆಲಸ ಮಾಡುತ್ತಿಲ್ಲ, ಸಹಾಯ ಮಾಡಿ ಸರ್." ಜೊತೆಗೆ ಪರದೆಯ ಮಸುಕು ಫೋಟೊ. ಎರರ್ ಸಂದೇಶದ ಕೊನೆಯ ಸಾಲೇ ಅದರಲ್ಲಿ ಇರಲಿಲ್ಲ. ಪೈಥಾನ್‌ನಲ್ಲಿ ತಪ್ಪು ಏನೆಂದು ಹೇಳುವುದೇ ಆ ಸಾಲು!

ಸಂದೇಶವನ್ನು ಪೂರ್ತಿಯಾಗಿ, ಫೋಟೊ ಬೇಡ, ಅಕ್ಷರದಲ್ಲೇ ಕಳುಹಿಸಿ. ತಪ್ಪು ಕಾಣಿಸಿಕೊಳ್ಳಲು ಬೇಕಾದಷ್ಟೇ ಕೋಡ್ ಉಳಿಸಿಕೊಳ್ಳಿ ಎಂದೆ. 200 ಸಾಲು 12ಕ್ಕೆ ಇಳಿಯಿತು. ಐದೇ ಅಂಶಗಳಿದ್ದ ಲಿಸ್ಟ್‌ನಲ್ಲಿ ಇಂಡೆಕ್ಸ್ (ಅಂಶದ ಸ್ಥಾನಸಂಖ್ಯೆ) 5 ಕೇಳಿದ್ದಳು. ಎಣಿಕೆ 0ಯಿಂದ ಶುರು, ಕೊನೆಯದು 4. ನಾನು ಹೇಳುವ ಮೊದಲೇ ಅವಳಿಗೆ ಹೊಳೆಯಿತು.

"ಇಷ್ಟು ಸಣ್ಣದಕ್ಕೆ ತೊಂದರೆ ಕೊಟ್ಟೆ, ಕ್ಷಮಿಸಿ" ಎಂದಳು. ಮನಸ್ಸಿಗೆ ಪಿಚ್ಚೆನಿಸಿತು. ಹೊಸಬರು ಇಷ್ಟು ಅಳುಕುವಂತೆ ಮಾಡಿದವರು ನಾವೇ ಅಲ್ಲವೇ? ಕ್ಷಮೆ ಬೇಡ, ಹೇಗೆ ಬಗೆಹರಿಯಿತೆಂದು ಪ್ರಶ್ನೆಯ ಕೆಳಗೆ ಬರೆಯಿರಿ ಎಂದೆ. ಬೆಳಿಗ್ಗೆ ನೋಡಿದರೆ ಬರೆದಿದ್ದಾಳೆ.