ಮೊದಲ ಸಲ ಸ್ಕೀ: ಬೆಳಗಾವಿ, ವಿಜಯಪುರದ ಕಡೆಯಿಂದ ಹೊರಡುವವರು ಯಾವ ಊರು ಆರಿಸಬೇಕು?

ಸ್ಕೀ ರಿಸಾರ್ಟ್ ಹುಡುಕುವಾಗ ಎಲ್ಲರ ಕಣ್ಣು ಮೊದಲು ಎತ್ತರದ ಮೇಲೆಯೇ. ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲಾ (ತಂತಿಯ ಮೇಲೆ ಓಡುವ ಕೇಬಲ್ ಕಾರು) ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್‌ವರೆಗೆ ಒಯ್ಯುತ್ತದೆ ಅನ್ನುವುದು ನಿಜ. ಆದರೆ ಹೊಸಬರಿಗೆ ಅಲ್ಲಿ ಕೆಲಸವಿಲ್ಲ. ಅವರು ಕಲಿಯುವುದು ಹೋಟೆಲುಗಳ ಪಕ್ಕದ ಬಟ್ಟಲಿನಂಥ ಬಯಲಲ್ಲಿ, ಸುಮಾರು 2,650 ಮೀಟರ್ ಎತ್ತರದಲ್ಲಿ. ಹಾಗಾಗಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ, ಕಲಿಯುವ ಇಳಿಜಾರಿನಲ್ಲಿ ಹಿಮ ಇರುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿ.

ಬೆಳಗಾವಿ ಇರುವುದು 750 ಮೀಟರ್ ಆಸುಪಾಸು, ವಿಜಯಪುರ ಇನ್ನೂ ಕೆಳಗೆ. ವಿಮಾನ ಇಳಿದವರೇ ಸೀದಾ ಗುಲ್ಮಾರ್ಗ್‌ಗೆ ಹತ್ತಿದರೆ ಕೆಲವರಿಗೆ ತಲೆನೋವು, ವಾಕರಿಕೆ ಹಿಡಿಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಶ್ರೀನಗರ ಸುಮಾರು 1,600 ಮೀಟರ್. ಅಲ್ಲಿ ಒಂದು ರಾತ್ರಿ ತಂಗಿದರೆ ದೇಹ ಅಷ್ಟು ಒಗ್ಗುತ್ತದೆ. ಮೇಲೆ ನೋಡಿ ಬರಬೇಕೆಂದರೆ, ಅಫರ್ವಟ್‌ಗೆ ಒಯ್ಯುವ ಗೊಂಡೋಲಾದ ಎರಡನೆಯ ಹಂತವನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ. ಮೇಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಷ್ಟೇ. ಬಿ.ಪಿ., ಹೃದಯದ ತೊಂದರೆ ಇರುವ ಹಿರಿಯರು ಊರಿನ ಡಾಕ್ಟರನ್ನು ಕೇಳದೆ ಹತ್ತಬಾರದು. ಜೋರು ಗಾಳಿ ಬಿಟ್ಟರೆ ಆ ಹಂತ ನಿಂತೇಬಿಡುತ್ತದೆ, ಆದ್ದರಿಂದ ಕೊನೆಯ ದಿನಕ್ಕೂ ಬಿಡಬೇಡಿ.

ಉತ್ತರಾಖಂಡದ ಔಲಿ 2,500ರಿಂದ 3,050 ಮೀಟರ್. ಶಿಸ್ತಾಗಿ 7 ಅಥವಾ 14 ದಿನದ ಕೋರ್ಸ್ ಮಾಡುವವರಿಗೆ ಒಳ್ಳೆಯದು. ಆದರೆ ಋಷಿಕೇಶದಿಂದ ಔಲಿಯ ಕೆಳಗಿನ ಊರು ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಘಾಟ್ ರಸ್ತೆ, ಇಡೀ ಹಗಲು ಅದಕ್ಕೇ ಹೋಗುತ್ತದೆ. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತ್ತು. ಜೀಪಿನಲ್ಲೇ ಮೇಲೆ ಹೋಗುವ ಲೆಕ್ಕ ಹಾಕಿಕೊಳ್ಳಿ. ಮನಾಲಿ ಹತ್ತಿರದ ಸೋಲಾಂಗ್‌ನಲ್ಲಿ ಗದ್ದಲ ಜಾಸ್ತಿ, ಹಿಮದ ಭರವಸೆ ಕಡಿಮೆ. ಫೋಟೋಕ್ಕೆ ಸಾಕು.

ನಮ್ಮ ಮತ ಗುಲ್ಮಾರ್ಗ್‌ಗೆ, ಅದೂ ಫೆಬ್ರುವರಿಯಲ್ಲಿ. ಕ್ರಿಸ್‌ಮಸ್ ರಜೆಗೆ ಬುಕ್ ಮಾಡುವುದು ಜೂಜು. 2024ರ ಜನವರಿಯ ಬಹುಪಾಲು ಅಲ್ಲಿ ಬರಿಯ ಹುಲ್ಲು ಕಂಡಿತ್ತು. ಫೆಬ್ರುವರಿಯೂ ಪೂರ್ತಿ ಖಾತ್ರಿಯಲ್ಲ: 2025ರಲ್ಲಿ ಹಿಮ ಸಾಲದೆ ಅಲ್ಲಿಯ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಿದರು. ರದ್ದು ಮಾಡಿದರೆ ಹಣ ವಾಪಸ್ಸು ಕೊಡುವ ಹೋಟೆಲನ್ನೇ ಹಿಡಿಯಿರಿ.

ಕಲಿಯುವವರ ದಿನ ಕೆಡುವುದು ಹೆಚ್ಚಾಗಿ ಬೂಟಿನಿಂದ. ಗುಲ್ಮಾರ್ಗ್‌ಗೆ ಹತ್ತುವ ಮುನ್ನ ಸಿಗುವ ತಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಕೊಡುವ ಗಮ್‌ಬೂಟು ನಡೆದಾಡಲು ಮಾತ್ರ. ಸ್ಕೀ ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ತಾಗಬೇಕು, ಮೊಣಕಾಲು ಮುಂದೆ ಬಾಗಿಸಿದರೆ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಥಂಡಿ ಎಂದು ಎರಡು ಕಾಲುಚೀಲ ಏರಿಸುವುದು ಎಲ್ಲರೂ ಮಾಡುವ ತಪ್ಪು. ಕಾಲು ಬಿಗಿದು ರಕ್ತ ಆಡದೆ ಇನ್ನಷ್ಟು ತಣ್ಣಗಾಗುತ್ತದೆ, ಮಡಿಕೆ ಬಿದ್ದಲ್ಲಿ ಗುಳ್ಳೆ ಏಳುತ್ತದೆ. ಮೊಣಕಾಲಿನವರೆಗಿನ ಉಣ್ಣೆಯ ಒಂದೇ ಜೊತೆ ಸಾಕು, ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಸಿಕ್ಕಬಾರದು. ಸ್ಕೀ ಪಟ್ಟಿಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ನಿಮ್ಮ ಎದೆ–ಗದ್ದದ ನಡುವೆ ಬರಲಿ. ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಹೊಂದಿಸುವವನಿಗೆ ನಿಮ್ಮ ತೂಕ ಮುಚ್ಚಿಡದೆ ಹೇಳಿ: ಬಿಗಿಯಾದರೆ ಬಿದ್ದಾಗ ಕಳಚದೆ ಮೊಣಕಾಲು ತಿರುಚುತ್ತದೆ, ಸಡಿಲಾದರೆ ನಡುದಾರಿಯಲ್ಲೇ ಬಿಚ್ಚುತ್ತದೆ. ಬೂಟಿನ ಅಡಿಗೆ ಮೆತ್ತಿದ ಹಿಮ ಕೆರೆದೇ ಸಿಕ್ಕಿಸಿ. ಸ್ಕೀ ಸೆಟ್ಟಿನ ಬಾಡಿಗೆ ಬೇರೆ, ಕಲಿಸುವವರ ದರ ಬೇರೆ ಎಂದು ಮೊದಲೇ ಮಾತಾಡಿಕೊಳ್ಳಿ. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂಭಾಗ ಅಗಲಿಸಿ ನಿಲ್ಲುವುದು ಕೈವಶವಾಗುವ ತನಕ ಮೇಲಿನ ಇಳಿಜಾರಿನ ಕಡೆ ನೋಡಬೇಡಿ.

ಅಫರ್ವಟ್‌ನಲ್ಲಿ ಗುರುತು ಹಾಕಿದ ದಾರಿ ಬಿಟ್ಟು ಇಳಿಯುವುದು ಪಳಗಿದವರಿಗೂ ಅಪಾಯ. 2023ರ ಫೆಬ್ರುವರಿಯಲ್ಲಿ ಹಿಮಕುಸಿತಕ್ಕೆ ಅಲ್ಲಿ ಪೋಲೆಂಡಿನ ಇಬ್ಬರು ಬಲಿಯಾದರು.

ಜೀನ್ಸ್, ಹತ್ತಿ ಬನಿಯನ್ ಒದ್ದೆಯಾದರೆ ಒಣಗುವುದಿಲ್ಲ, ಊರಲ್ಲೇ ಬಿಟ್ಟುಬಿಡಿ. ಹೊಸ ಹಿಮ ಬಿಸಿಲನ್ನು ಕನ್ನಡಿಯಂತೆ ಎಸೆಯುತ್ತದೆ; ಮೋಡ ಕವಿದಿದ್ದರೂ ಯುವಿ ತಡೆಯುವ ಕನ್ನಡಕ ಬೇಕೇ ಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ರಸ್ತೆ ಬಂದ್ ಆದ ದಿನಕ್ಕೆ ಆಸರೆ.

ಹೋಗಲು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ದಿಲ್ಲಿ, ಅಲ್ಲಿಂದ ಶ್ರೀನಗರ. ದಿಲ್ಲಿವರೆಗೆ ರೈಲಾದರೆ ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್, ವಿಜಯಪುರದವರಿಗೆ ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್. ಹಿಮ ಬಿದ್ದ ದಿನ ಶ್ರೀನಗರದ ವಿಮಾನಗಳು ರದ್ದಾಗುವುದು ಮಾಮೂಲು. ವಾಪಸ್ ಬರುವಾಗ ದಿಲ್ಲಿಯಲ್ಲಿ ಒಂದು ರಾತ್ರಿ ಖಾಲಿ ಬಿಡದಿದ್ದರೆ ಮುಂದಿನ ಟಿಕೆಟಿನ ದುಡ್ಡು ಹೋಯಿತೆಂದೇ ಲೆಕ್ಕ. ಇಲ್ಲಿಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.