ಅವರೆಕಾಯಿಯ ಜೊತೆ ಬಿಡಿಸಿದ ಒಂದು ಪದ

ಸಂಕ್ರಾಂತಿಗೆ ಮುಂಚಿನ ಭಾನುವಾರ. ಅಮ್ಮ ಮತ್ತು ನಾನು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ಪಕ್ಕದಲ್ಲೇ ಇಂಗ್ಲಿಷ್ ಕಥೆ ಓದುತ್ತಿದ್ದ ನನ್ನ ಮಗಳು, ಒಂಬತ್ತನೇ ಕ್ಲಾಸು, ತಲೆ ಎತ್ತಿ ಕೇಳಿದಳು. "ಅಮ್ಮಾ, ಅನ್‌ರಿಡಲ್ ಅಂದ್ರೆ ತೂತು ಮುಚ್ಚೋದಾ?"

ಅವಳ ಊಹೆಗೆ ಕಾರಣ ಇತ್ತು. ಗೋಡೆ ತುಂಬಾ ಗುಂಡಿನ ತೂತು ಬಿದ್ದಿದ್ದರೆ ಇಂಗ್ಲಿಷಿನಲ್ಲಿ ರಿಡಲ್ಡ್ ಅನ್ನುತ್ತಾರೆ. ಆದರೆ ಆ ರಿಡಲ್ ಬೇರೆ, ಅದು ದೊಡ್ಡ ಕಣ್ಣಿನ ಜರಡಿ. ಅನ್‌ರಿಡಲ್‌ನಲ್ಲಿ ಇರುವುದು ಒಗಟಿನ ರಿಡಲ್. 16ನೇ ಶತಮಾನದ ಕೊನೆಯಿಂದಲೂ ಇರುವ ಪದ, ಈಗ ಮಾತಿನಲ್ಲಿ ಕೇಳಿಸುವುದು ಕಡಿಮೆ. ಗಣಿತದ ಲೆಕ್ಕಕ್ಕೆ ಸಾಲ್ವ್ ಅಂದರೆ ಸಾಕು. ಗುಟ್ಟು, ಕನಸು, ಅರ್ಥವಾಗದ ಯಾರದೋ ನಡತೆ, ಇಂಥದ್ದಕ್ಕೆ ಅನ್‌ರಿಡಲ್ ಚೆನ್ನಾಗಿ ಒಪ್ಪುತ್ತದೆ.

"ಹಾಗಾದ್ರೆ ಕನ್ನಡದಲ್ಲಿ?"

"ಒಗಟು ಬಿಡಿಸೋದು" ಅಂದೆ. ಅಂದವಳಿಗೆ ಕೈಯಲ್ಲಿದ್ದ ಅವರೆಕಾಯಿ ಕಂಡಿತು. ಕಾಯಿ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಹೂ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಚಿತ್ರ ಕೂಡ ಬಿಡಿಸುತ್ತೇವೆ, ಎಲ್ಲಕ್ಕೂ ಅದೇ ಪದ, ಎಲ್ಲದರಲ್ಲೂ ಬೆರಳಿನ ಕೆಲಸ ಇದ್ದೇ ಇದೆ ಅನ್ನುವುದು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ. ಎಷ್ಟು ಚಂದದ ಪದ ಅಲ್ವಾ!

ಆಮೇಲೆ ಸುಮ್ನಿರಲು ಆಗದೆ ಮೊಬೈಲಿನಲ್ಲಿ ನಿಘಂಟು ತೆರೆದೆ. ರಿಡಲ್ ಹಳೆಯ ಇಂಗ್ಲಿಷಿನಲ್ಲಿ ರ್ಯಾಡೆಲ್ಸ್ ಆಗಿತ್ತಂತೆ. ಓದು ಅನ್ನುವ ರೀಡ್ ಕೂಡ ಅದೇ ಬೇರಿನದು. ಕೊನೆಯ ಸಕಾರವನ್ನು ಬಹುವಚನ ಅಂದುಕೊಂಡು ಜನ ಬಿಟ್ಟುಬಿಟ್ಟರು. ಬಟಾಣಿಗೂ ಹಾಗೇ ಆಯಿತು, ಪೀಸ್ ಅಂತಿದ್ದದ್ದು ಪೀ ಆಯಿತು. ಮೊರದಲ್ಲಿ ಕಾಳು ರಾಶಿ ಇಟ್ಟುಕೊಂಡು ಇದನ್ನು ಓದಿದಾಗ ಆದ ಖುಷಿ ದೊಡ್ಡದು.

ಇಂಗ್ಲೆಂಡಿನ ಎಕ್ಸೆಟರ್ ಕ್ಯಾಥೆಡ್ರಲ್‌ನಲ್ಲಿ 10ನೇ ಶತಮಾನದ ಒಂದು ಹಸ್ತಪ್ರತಿ ಇದೆ. ಅದರಲ್ಲಿ 90ಕ್ಕೂ ಹೆಚ್ಚು ಒಗಟುಗಳು. ಉತ್ತರ ಬರೆದಿಲ್ಲ, ಕೆಲವಕ್ಕೆ ವಿದ್ವಾಂಸರು ಇವತ್ತಿಗೂ ಒಂದೇ ಉತ್ತರ ಹೇಳುತ್ತಿಲ್ಲ. ಅದರಲ್ಲೊಂದನ್ನು ಸ್ವಲ್ಪ ಬದಲಿಸಿ ಅಮ್ಮನಿಗೆ ಕೇಳಿದೆ. "ಕತ್ತಲಲ್ಲಿ ಬಂದ ಕಳ್ಳ, ದೊಡ್ಡವರ ಮಾತೆಲ್ಲ ತಿಂದ. ತಿಂದರೂ ಬುದ್ಧಿ ಬರಲಿಲ್ಲ. ಯಾರು?"

ಅಮ್ಮ ಕಾಳಿನಿಂದ ಕಣ್ಣೂ ತೆಗೆಯಲಿಲ್ಲ. "ಪುಸ್ತಕದ ಹುಳ. ನಿಮ್ಮಪ್ಪನ ಟ್ರಂಕಿನಲ್ಲಿ ಜಾಸ್ತಿನೇ ಇತ್ತಲ್ಲ." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಈಗ ನಂದು ಕೇಳು ಪುಟ್ಟಿ. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?"

ನನಗೆ ಗೊತ್ತಿತ್ತು, ಬಾಯಿ ತೆರೆದೆ.

"ನೀನು ಹೇಳ್ಬೇಡ ಕಣೇ" ಅಂದರು ಅಮ್ಮ, "ಅವಳೇ ಬಿಡಿಸ್ಲಿ."